ಚಕ್ರಕ್ಕೆ ಬಳೆ ತೊಡಿಸಿದ ಅಂಗಡಿ

ಮೊದಲು ಕೊರತೆಗಳನ್ನೇ ಹೇಳಿಬಿಡುತ್ತೇನೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿರುವ ಈ ಟೈರ್ ಅಂಗಡಿಯಲ್ಲಿ ಗಿರಾಕಿಗಳಿಗೆ ಕುರ್ಚಿ ಇಲ್ಲ. ಎರಡು ಹಳೆಯ ಲಾರಿ ಟೈರುಗಳ ಮೇಲೆ ಒಂದು ಹಲಗೆ ಹಾಸಿದ್ದಾರೆ, ಅದರ ಮೇಲೆ ಕೂತೆದ್ದರೆ ಸೀರೆಗೆ ಕಪ್ಪು ಗ್ಯಾರಂಟಿ. ಫೋನ್ ಮಾಡಿದರೆ ಎತ್ತುವುದಿಲ್ಲ. ಹತ್ತು ಗಂಟೆಗೆ ಬನ್ನಿ ಎನ್ನುತ್ತಾರೆ, ಆದರೆ ಕೈಯಲ್ಲಿರುವ ಗಾಡಿ ಮುಗಿಯದೆ ಮುಂದಿನದನ್ನು ಮುಟ್ಟುವುದಿಲ್ಲ. ಮೊದಲ ದಿನ ನಾನು ಎರಡೂವರೆ ಗಂಟೆ ಕಾದೆ. ಮಂಗಳವಾರ ರಜೆ. ‘ಇರುವ ಕೆಲಸವೇ ಕೈತುಂಬಾ ಇದೆ, ಹೆಸರು ಮಾತ್ರ ಬರೆಯಬೇಡಿ’ ಎಂದು ಯಜಮಾನರು ಕೇಳಿಕೊಂಡಿದ್ದರಿಂದ ಹೆಸರು ಬರೆಯುತ್ತಿಲ್ಲ. ಗುರುತು ಬೇಕಾದವರಿಗೆ ಇಷ್ಟು ಸಾಕು: ಬಾಗಿಲಿಗೆ ಹುಣಸೆಮರ, ಮರದ ಕೊಂಬೆಗೆ ನೇತುಹಾಕಿದ ಸ್ಕೂಟರ್ ಟೈರು.

ಇಷ್ಟೆಲ್ಲ ಹೇಳಿಯೂ ನಾಲ್ಕು ಜನರನ್ನು ಅಲ್ಲಿಗೆ ಕಳಿಸಿದ್ದೇನೆ. ಕಾರಣ ಹೇಳುತ್ತೇನೆ.

ನಾನು ವೀಣೆ ಕಲಿಸುವವಳು. ಮನೆ ಸರಸ್ವತಿಪುರಂನಲ್ಲಿ, ಶನಿವಾರದ ಪಾಠ ಬೆಂಗಳೂರಿನ ಜಯನಗರದಲ್ಲಿ. ವೀಣೆಯನ್ನು ರೈಲಿಗೆ ಹತ್ತಿಸಿ ಇಳಿಸುವ ಪಾಡು ಬೇಡವೆಂದು ಎರಡು ವರ್ಷದ ಹಿಂದೆ ಎಲೆಕ್ಟ್ರಿಕ್ ಕಾರು ಕೊಂಡೆ. ಸದ್ದಿಲ್ಲ, ಹೊಗೆಯಿಲ್ಲ, ಹೋಗಿ ಬರುವ ಖರ್ಚು ಪೆಟ್ರೋಲಿನ ಕಾಲು ಭಾಗವೂ ಇಲ್ಲ. ಹಿಂದಿನ ಸೀಟನ್ನು ಮಡಿಸಿ, ಹತ್ತಿ ಹಾಸಿಗೆ ಹಾಸಿ, ಅದರ ಮೇಲೆ ವೀಣೆಯನ್ನು ಗವಸು ಸಮೇತ ಮಲಗಿಸಿಕೊಂಡು ಒಂದು ವರ್ಷ ಸುಖವಾಗಿ ಓಡಾಡಿದೆ.

ಹೋದ ಮಳೆಗಾಲದಲ್ಲಿ ಹುಣಸೂರಿನಿಂದ ಬರುವಾಗ ಬಿಳಿಕೆರೆಯ ಹತ್ತಿರ ನೀರು ತುಂಬಿದ ಗುಂಡಿಯೊಂದಕ್ಕೆ ಎಡ ಮುಂಚಕ್ರ ಬಿತ್ತು. ಅಲಾಯ್ ರಿಮ್ ಸೀಳಿತು. ಅದೇ ವಿನ್ಯಾಸದ ರಿಮ್ ಬರಲು ಒಂದೂವರೆ ತಿಂಗಳಾಗುತ್ತದೆ ಎಂದರು ಕಂಪನಿಯವರು. ಅಷ್ಟು ದಿನ ಪಾಠ ಬಿಡುವುದಾದರೂ ಹೇಗೆ? ಹೊರಗಿನ ಅಂಗಡಿಯೊಂದರಲ್ಲಿ, ನೋಡಲು ಜೋಡಿಯಾಗಿರಲಿ ಎಂದು, ಮುಂದಿನ ಎರಡಕ್ಕೂ ಹೊಸ ಅಲಾಯ್ ಹಾಕಿಸಿಕೊಂಡೆ. ನಡುಕ ಶುರುವಾದದ್ದು ಆಮೇಲೆ. ಆದರೆ ಮರುದಿನವೇ ಅಲ್ಲ, ಮೂರು ವಾರ ಬಿಟ್ಟು. ಹಾಗಾಗಿ ಎರಡಕ್ಕೂ ನಂಟು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಹೆದ್ದಾರಿಯಲ್ಲಿ ಎಂಬತ್ತೈದು ದಾಟುತ್ತಿದ್ದಂತೆ ಸ್ಟೀರಿಂಗ್ ಕೈಯಲ್ಲಿ ಜುಮುಜುಮು ಎನ್ನುತ್ತಿತ್ತು. ತೊಂಬತ್ತರಲ್ಲಿ ಅದು ಜೋರು, ನೂರರ ಹತ್ತಿರ ಮತ್ತೆ ಸ್ವಲ್ಪ ಕಡಿಮೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ಮಿತಿ ಇದೆ, ಮೇಲೆ ಕ್ಯಾಮೆರಾಗಳಿವೆ. ಅಂದರೆ ನಾನು ಓಡಿಸಬಹುದಾದ ವೇಗವೂ ಗಾಡಿ ನಡುಗುವ ವೇಗವೂ ಒಂದೇ. ಬಿಡದಿ ಬರುವಷ್ಟರಲ್ಲಿ ಅಂಗೈ ಮರಗಟ್ಟುತ್ತಿತ್ತು. ಇದೊಂದನ್ನು ಸಹಿಸಬಹುದಿತ್ತು, ಆದರೆ ಜಯನಗರದಲ್ಲಿ ಗವಸು ಬಿಚ್ಚಿದರೆ ಬಿರಡೆಗಳು ಜಾರಿ ಮುಖ್ಯ ತಂತಿಯಾದ ಸಾರಣಿ ಅರ್ಧ ಸ್ವರ ಇಳಿದಿರುತ್ತಿತ್ತು. ಮೈಸೂರಿನಲ್ಲಿ ಶ್ರುತಿ ಮಾಡಿ ಹೊರಟ ವೀಣೆ! ಇಪ್ಪತ್ತು ನಿಮಿಷ ಶ್ರುತಿ ಕೂಡಿಸುವುದರಲ್ಲೇ ಹೋಗುತ್ತಿತ್ತು. ಮಕ್ಕಳು ಎದುರಿಗೆ ಕೂತು ಆಕಳಿಸುತ್ತಿದ್ದರು.

ಕಾರು ಕೊಂಡ ಕಡೆಯ ಸರ್ವೀಸ್ ಕೇಂದ್ರಕ್ಕೆ ನಾಲ್ಕು ಸಲ ಹೋದೆ. ಅದರ ಹೆಸರನ್ನೂ ಬರೆಯುವುದಿಲ್ಲ. ಎಸಿ ಕೊಠಡಿ, ಕಾಫಿ ಯಂತ್ರ, ದೊಡ್ಡ ಟಿವಿ ಎಲ್ಲವೂ ಇವೆ. ಮೊದಲ ಸಲ, ‘ರಸ್ತೆಯೇ ಹಾಗಿದೆ ಮೇಡಂ, ಎಲೆಕ್ಟ್ರಿಕ್ ಗಾಡಿಯಲ್ಲಿ ಎಂಜಿನ್ ಸದ್ದಿಲ್ಲವಲ್ಲ, ಸಣ್ಣದೂ ದೊಡ್ಡದಾಗಿ ಗೊತ್ತಾಗುತ್ತದೆ’ ಎಂದರು. ಎರಡನೆಯ ಸಲ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕವನ್ನು ಸುತ್ತಲೂ ಸಮ ಮಾಡುವುದು), ಅಲೈನ್‌ಮೆಂಟ್ ಮಾಡಿ 1,800 ರೂಪಾಯಿ ತೆಗೆದುಕೊಂಡರು. ಆ ಶನಿವಾರ ನಡುಕ ಮುಕ್ಕಾಲು ಪಾಲು ಹೋಗಿತ್ತು. ಸಂತೋಷಕ್ಕೆ ಅವರಿಗೆ ಮೈಸೂರು ಪಾಕ್ ಕೊಟ್ಟು ಬಂದೆ. ಮೂರನೆಯ ಸಲ ಬ್ರೇಕ್ ನೋಡಲೆಂದು ಚಕ್ರ ಬಿಚ್ಚಿ ಹಾಕಿದರು ಅಷ್ಟೇ, ಮನೆಗೆ ಬರುವಷ್ಟರಲ್ಲಿ ನಡುಕ ಹಿಂದಿಗಿಂತಲೂ ಹೆಚ್ಚಾಗಿತ್ತು. ನಾಲ್ಕನೆಯ ಸಲ ಅಲಾಯ್ ಕಡೆ ಬೆರಳು ತೋರಿಸಿ, ಹೊರಗಿನ ಮಾಲು, ನಮ್ಮ ಜವಾಬ್ದಾರಿಯಲ್ಲ, ನಾಲ್ಕೂ ರಿಮ್ ಕಂಪನಿಯವೇ ಹಾಕಿಸಿ ಎಂದು 58,000 ರೂಪಾಯಿಯ ಅಂದಾಜು ಪಟ್ಟಿ ಕೈಗಿಟ್ಟರು. ಮುರಿಯದ ಹಿಂದಿನ ಎರಡು ರಿಮ್‌ಗಳನ್ನು ಏಕೆ ಬದಲಿಸಬೇಕೆಂದು ಕೇಳಿದೆ. ‘ಸೆಟ್’ ಎಂದರು.

ನಮ್ಮ ಬೀದಿಯ ಶಾಲಾ ವ್ಯಾನಿನ ಚಾಲಕರು ಈ ಹುಣಸೆಮರದ ಅಂಗಡಿಯ ದಾರಿ ತೋರಿಸಿದರು.

ಯಜಮಾನರಿಗೆ ಅರವತ್ತೈದರ ಮೇಲಿರಬಹುದು. ಜೆ.ಕೆ. ಟೈರ್ ಕಂಪನಿಯವರ ಕೈಗೆ ಹೋಗುವ ಮೊದಲಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಗಾಡಿಯನ್ನು ಒಳಗೆ ಬಿಡಿ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಅದರ ಬದಲು ಕೇಳಲು ಶುರುಮಾಡಿದರು. ಎಷ್ಟು ವೇಗದಲ್ಲಿ ಬರುತ್ತದೆ? ಕೈಗೋ, ಸೀಟಿಗೋ, ಕಾಲಿಗೋ? ಕಾಲು ಒತ್ತಿದಾಗಲೋ, ಬಿಟ್ಟಾಗಲೋ? ಬ್ರೇಕ್ ಹಾಕಿದರೆ ಹೆಚ್ಚಾಗುತ್ತದೆಯೇ? ತಿರುವಿನಲ್ಲಿ? ಬೆಳಿಗ್ಗೆ ಮೊದಲ ಎರಡು ಕಿಲೋಮೀಟರ್ ಮಾತ್ರವೋ, ಉದ್ದಕ್ಕೂ ಇರುತ್ತದೆಯೋ?

ನನಗೆ ವೀಣೆ ರಿಪೇರಿಯವರ ನೆನಪಾಯಿತು. ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ ಮೆಟ್ಟಿಲುಗಳ ಪೈಕಿ ಒಂದರಲ್ಲಿ ‘ಝರ್’ ಎಂಬ ಅಪಸ್ವರ ಬಂದರೆ ಅವರು ಮೇಣ ಕೀಳುವುದಿಲ್ಲ. ಯಾವ ಸ್ವರಕ್ಕೆ, ಎಷ್ಟು ಎಳೆದಾಗ, ಯಾವ ತಂತಿಯಲ್ಲಿ ಎಂದು ನುಡಿಸಿಸಿ ನುಡಿಸಿಸಿ ಕೇಳುತ್ತಾರೆ. ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಕಿತ್ತು ಮತ್ತೆ ಕಟ್ಟುವುದು ಕೈಲಾಗದವರ ಕೊನೆಯ ಉಪಾಯ.

ಆಮೇಲೆ ‘ಓಡಿಸಿ ತೋರಿಸಿ’ ಎಂದು ಪಕ್ಕದಲ್ಲಿ ಕೂತರು. ನಾಲ್ಕು ಸಲ ಹೋದ ಆ ಎಸಿ ಕೇಂದ್ರದವರು ಯಾರೂ ಒಮ್ಮೆಯೂ ನನ್ನ ಜೊತೆ ಕೂತಿರಲಿಲ್ಲ, ತಾವೇ ಓಡಿಸಿಕೊಂಡು ಬಂದು ‘ಏನೂ ಇಲ್ಲವಲ್ಲ’ ಎನ್ನುತ್ತಿದ್ದರು. ರಿಂಗ್ ರಸ್ತೆ ಹಿಡಿದು ಬೆಂಗಳೂರು ಹೆದ್ದಾರಿಗೆ ಬಂದು ಶ್ರೀರಂಗಪಟ್ಟಣದ ಕಡೆ ಹೊರಟೆವು. ತೊಂಬತ್ತು ಬಂತು, ಸ್ಟೀರಿಂಗ್ ನಡುಗಿತು. ‘ಕಾಲು ತೆಗೆಯಿರಿ’ ಎಂದರು. ಎಲೆಕ್ಟ್ರಿಕ್ ಗಾಡಿಯಲ್ಲಿ ಕಾಲು ತೆಗೆದರೆ ಮೋಟರು ಜನರೇಟರ್ ಆಗಿ ಚಕ್ರವನ್ನು ಹಿಡಿದೆಳೆಯುತ್ತದೆ, ಅದನ್ನು ಮೊದಲೇ ಸೊನ್ನೆಗೆ ಇಳಿಸಲು ಹೇಳಿದ್ದರು. ನಡುಕ ಹಾಗೆಯೇ ಇತ್ತು. ಹಿಂದೆ ಮುಂದೆ ಗಾಡಿಗಳಿಲ್ಲದ್ದನ್ನು ನೋಡಿ ನ್ಯೂಟ್ರಲ್‌ಗೆ ಹಾಕಿಸಿದರು. ಆಗಲೂ ಇತ್ತು. ‘ಇದಕ್ಕೂ ಮೋಟರಿಗೂ ಸಂಬಂಧವಿಲ್ಲ. ಉರುಳುವುದರಲ್ಲೇ ದೋಷ’ ಎಂದರು. ಬ್ರೇಕ್ ಪೆಡಲ್ ಒತ್ತಿಸಿದರು. ನಡುಕ ಹೆಚ್ಚಲಿಲ್ಲ, ಆದ್ದರಿಂದ ಬ್ರೇಕ್ ಡಿಸ್ಕ್ ಸೊಟ್ಟಗಿಲ್ಲ ಎಂದು ಲೆಕ್ಕ ಹಾಕಿದರು. ಎಲೆಕ್ಟ್ರಿಕ್ ಗಾಡಿಗಳಲ್ಲಿ ಪೆಡಲ್ ಬಳಕೆ ಕಡಿಮೆಯಾದ್ದರಿಂದ ಡಿಸ್ಕ್ ತುಕ್ಕು ಹಿಡಿದು ಒರಟಾಗುವುದುಂಟಂತೆ, ಅದಕ್ಕೇ ಇದನ್ನು ತಪ್ಪದೆ ನೋಡುತ್ತಾರಂತೆ.

ವಾಪಸು ಬರುವಾಗ ಸರ್ವೀಸ್ ರಸ್ತೆಗಿಳಿಸಿ, ಮೂವತ್ತರಿಂದ ಜೋರಾಗಿ ಒತ್ತಿ ಎಂದರು. ನಲವತ್ತು ದಾಟುವಾಗ ಗಾಡಿ ಸೊಂಟ ಅಲುಗಿಸಿದಂತೆ ಅಡ್ಡಡ್ಡ ನಡುಗಿತು. ಇದು ಸ್ಟೀರಿಂಗಿನಲ್ಲಲ್ಲ, ಸೀಟಿನಲ್ಲಿ. ಅರವತ್ತಕ್ಕೆ ಮಾಯ. ಮತ್ತೆ ಅದೇ ವೇಗದಲ್ಲಿ ಕಾಲು ಎತ್ತಿಸಿದರು, ತಟ್ಟನೆ ನಿಂತುಹೋಯಿತು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಅದನ್ನೂ ಹಳೆಯ ನಡುಕದ ಬಾಲ ಎಂದೇ ತಿಳಿದಿದ್ದೆ.

‘ಅಮ್ಮಾ, ನಿಮ್ಮ ಗಾಡಿಗೆ ಎರಡು ಕಾಯಿಲೆ ಇವೆ. ಒಂದು ಎಂದುಕೊಂಡು ಎಲ್ಲರೂ ಮದ್ದು ಕೊಡುತ್ತಿದ್ದಾರೆ’ ಎಂದರು.

ಇಲ್ಲಿ ನನ್ನ ಅಕ್ಕನ ಮಗನ ವಿಷಯ ಹೇಳಬೇಕು. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ‘ಫೈಫಾಕ್ಸ್’ ಎಂಬ ಉಚಿತ ಆ್ಯಪನ್ನು ನನ್ನ ಫೋನಿಗೆ ಹಾಕಿ, ಫೋನನ್ನು ಎರಡು ಸೀಟಿನ ನಡುವೆ ಅಂಟಿಸಿ, ಗಾಡಿ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆಂದು ಗ್ರಾಫ್ ತೆಗೆದಿದ್ದ. ನನ್ನ ಟೈರು ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಉರುಳುತ್ತದೆ. ತೊಂಬತ್ತು ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 25 ಮೀಟರ್, ಅಂದರೆ ಹನ್ನೆರಡೂವರೆ ಸುತ್ತು. ಗ್ರಾಫಿನ ಶಿಖರವೂ ಹನ್ನೆರಡರ ಆಸುಪಾಸಿನಲ್ಲೇ ಇತ್ತು. ಒಂದು ಸುತ್ತಿಗೆ ಒಂದು ನಡುಕ. ಆದರೆ ಐವತ್ತರ ವೇಗದಲ್ಲಿ ಚಕ್ರ ಸೆಕೆಂಡಿಗೆ ಏಳು ಸುತ್ತು ಸುತ್ತುವಾಗ ಶಿಖರ ಇದ್ದದ್ದು ಇಪ್ಪತ್ತೊಂದರ ಹತ್ತಿರ. ಒಂದು ಸುತ್ತಿಗೆ ಮೂರು! ಅವನಿಗೆ ಅದರ ಅರ್ಥ ತಿಳಿದಿರಲಿಲ್ಲ. ನನಗೂ ಇಲ್ಲ, ತಾಳದಲ್ಲಿ ಮೂರರ ಎಣಿಕೆಯಂತೆ ‘ತಿಶ್ರ ನಡೆ’ ಎಂದು ನಕ್ಕು ಸುಮ್ಮನಾಗಿದ್ದೆ.

ಆ ಗ್ರಾಫನ್ನು ಯಜಮಾನರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ‘ಮೂರಾ? ಹಾಗಾದರೆ ಒಳಗಿನ ಜಾಯಿಂಟೇ’ ಎಂದರು. ಮೋಟರಿನ ಗೇರ್ ಪೆಟ್ಟಿಗೆಯಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಒಳತುದಿಯಲ್ಲಿ ಮೂರು ಕಾಲಿನ ಒಂದು ತುಂಡು ಇರುತ್ತದೆ, ಪ್ರತಿ ಕಾಲಿಗೂ ಒಂದೊಂದು ಉರುಳೆ. ಆ ಮೂರು ಉರುಳೆಗಳು ಕೊರೆದ ಮೂರು ಜಾಡುಗಳಲ್ಲಿ ಹಿಂದೆ ಮುಂದೆ ಜಾರಬೇಕು. ಜಾಡು ಸವೆದು ಹಳ್ಳ ಬಿದ್ದರೆ ಭಾರ ಹೊತ್ತಾಗ ಉರುಳೆಗಳು ತಡವರಿಸುತ್ತವೆ, ಸುತ್ತಿಗೆ ಮೂರು ಸಲ. ಎಲೆಕ್ಟ್ರಿಕ್ ಮೋಟರು ನಿಂತಲ್ಲಿಂದಲೇ ಪೂರ್ತಿ ಬಲ ಹಾಕುತ್ತದೆ, ಕಾಲು ತೆಗೆದರೆ ಅದೇ ಜಾಯಿಂಟನ್ನು ಉಲ್ಟಾ ಎಳೆಯುತ್ತದೆ. ‘ದಿನವೆಲ್ಲ ನೂಕು, ಎಳೆ, ನೂಕು, ಎಳೆ. ಕಬ್ಬಿಣಕ್ಕೂ ಸುಸ್ತಾಗುತ್ತದೆ’ ಎಂದರು. ಇದನ್ನು ಮಾಡುವ ಕೆಲಸ ತಮ್ಮದಲ್ಲ, ವಾರಂಟಿಯಲ್ಲಿ ಕಂಪನಿಯವರೇ ಮಾಡಿಕೊಡಬೇಕು, ತಾನು ಕೈ ಹಾಕಿದರೆ ವಾರಂಟಿ ಹೋಗುತ್ತದೆ ಎಂದೂ ಹೇಳಿದರು. ದುಡ್ಡು ಬರುವ ಕೆಲಸವನ್ನು ಬಾಯಿ ಬಿಟ್ಟು ಬೇಡವೆಂದ ಮೆಕ್ಯಾನಿಕ್‌ನನ್ನು ನಾನು ಕಂಡದ್ದು ಅದೇ ಮೊದಲು.

ಇನ್ನು ಮೊದಲ ಕಾಯಿಲೆ. ಎಡ ಮುಂಚಕ್ರ ಬಿಚ್ಚಿ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿದರು. ತೂಕದ ವ್ಯತ್ಯಾಸ ಒಂದು ಬದಿ ಸೊನ್ನೆ, ಇನ್ನೊಂದು ಬದಿಯೂ ಸೊನ್ನೆ. ಬಲಗಡೆಯದು ಒಂದು ಬದಿ ಐದು ಗ್ರಾಂ, ಇನ್ನೊಂದು ಬದಿ ಸೊನ್ನೆ. ನನ್ನ ಮುಖ ಇಳಿಯಿತು. ಇನ್ನೂ ಒಂದು ಸುತ್ತು ಅಲೆದಾಟವೇ? ‘ಮೆಷಿನ್ ಮೇಲೆ ಸರಿಯಾಗಿದೆ. ಗಾಡಿ ಮೇಲೆ ನೋಡೋಣ’ ಎಂದು ಚಕ್ರವನ್ನು ಮತ್ತೆ ಗಾಡಿಗೆ ಹಾಕಿ, ಜಾಕ್ ಮೇಲೆ ನಿಲ್ಲಿಸಿ, ರಿಮ್ಮಿನ ಅಂಚಿಗೆ ಗಡಿಯಾರದಂಥ ಒಂದು ಸಾಧನ ಇಟ್ಟರು. ಡಯಲ್ ಗೇಜ್. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಅತ್ತಿತ್ತ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಓಡಾಡಿತು. ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ಒಂದು ತೂತಿನಷ್ಟು ತಿರುಗಿಸಿ ಬಿಗಿ ಮಾಡಿದರು. ಈ ಸಲ ಅರ್ಧಕ್ಕಿಂತ ಕಡಿಮೆ. ಮತ್ತೊಮ್ಮೆ ಬಿಚ್ಚಿ ಹಾಕಿದರು. ಈಗ ಒಂದರ ಹತ್ತಿರ. ಅದೇ ಚಕ್ರ, ಅದೇ ಗಾಡಿ, ಮೂರು ಲೆಕ್ಕ.

ಆಗ ನನಗೆ ಮೈಸೂರು ಪಾಕ್ ನೆನಪಾಗಿ ಹೊಟ್ಟೆ ಉರಿಯಿತು. ಎರಡನೆಯ ಸಲ ನಡುಕ ಹೋದದ್ದು ಬ್ಯಾಲೆನ್ಸಿಂಗಿನಿಂದಲ್ಲ. ಚಕ್ರ ಹಾಕುವಾಗ ಅದು ಅದೃಷ್ಟಕ್ಕೆ ನಡುಮಧ್ಯದಲ್ಲಿ ಕೂತಿತ್ತು. ಮೂರನೆಯ ಸಲ ಅದೃಷ್ಟ ಕೆಟ್ಟಿತ್ತು.

ಚಕ್ರ ಬಿಚ್ಚಿ ಅದರ ನಡುವಿನ ತೂತನ್ನು ವರ್ನಿಯರ್‌ನಿಂದ ಅಳೆದರು: 73.1 ಮಿಲಿಮೀಟರ್. ಹೊರಗಿನ ಅಲಾಯ್‌ಗಳನ್ನು ಹಲವು ಬಗೆಯ ಗಾಡಿಗೆ ಆಗಲೆಂದು ಹೀಗೆ ದೊಡ್ಡ ತೂತಿಟ್ಟೇ ಮಾಡುತ್ತಾರಂತೆ. ನನ್ನ ಗಾಡಿಯ ಹಬ್, ಅಂದರೆ ಆ ತೂತಿನೊಳಗೆ ಕೂರಬೇಕಾದ ಉಬ್ಬು, ಅದಕ್ಕಿಂತ ಆರು ಮಿಲಿಮೀಟರ್ ಚಿಕ್ಕದು. ಕಂಪನಿಯ ರಿಮ್ ಹಬ್ಬಿನ ಮೇಲೆ ಬಿಗಿಯಾಗಿ ಕೂತು ತಾನೇ ನಡುವಿಗೆ ಬರುತ್ತದೆ. ನನ್ನವು ಐದು ನಟ್ಟುಗಳ ಮೇಲೆಯೇ ನೇತಾಡುತ್ತಿದ್ದವು. ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಏರ್ ಗನ್ನಿನಿಂದ ಒಂದು ನಟ್ಟನ್ನು ಗರ್ರನೆ ಬಿಗಿದರೆ ಚಕ್ರ ಒಂದು ಬದಿಗೆ ಸರಿದು ಕೂತುಬಿಡುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಾದರೋ ಶಂಕುವಿನಾಕಾರದ ಕೋನು ತೂತಿಗೆ ತುರುಕಿಕೊಂಡು ಚಕ್ರವನ್ನು ಪ್ರತಿ ಸಲ ನಡುವಿಗೇ ತರುತ್ತದೆ. ಅದಕ್ಕೇ ಅಲ್ಲಿ ಸೊನ್ನೆ, ರಸ್ತೆಯಲ್ಲಿ ಜುಮುಜುಮು. ಟೈರು ಸೇರಿ ಇಪ್ಪತ್ತು ಕಿಲೋ ತೂಗುವ ಚಕ್ರ ನಡುವಿನಿಂದ ಅರ್ಧ ಮಿಲಿಮೀಟರ್ ಸರಿದು ಕೂತರೆ, ರಿಮ್ಮಿನ ಅಂಚಿಗೆ 50 ಗ್ರಾಂ ಸೀಸ ಅಂಟಿಸಿದಷ್ಟೇ ಕೆಡುಕು. ಯಂತ್ರದವರು ತಲೆಕೆಡಿಸಿಕೊಳ್ಳುವುದು ಐದು ಗ್ರಾಮಿಗೆ!

‘ಇದಕ್ಕೆ ಬಳೆ ತೊಡಿಸಬೇಕು’ ಎಂದರು ಯಜಮಾನರು. ನನ್ನ ಕೈ ನೋಡಿ, ‘ನಿಮಗೆ ಎರಡು–ಆರರ ಬಳೆ ಆಗುತ್ತದೆ ಎಂದಿಟ್ಟುಕೊಳ್ಳಿ. ಎರಡು–ಹತ್ತರದು ಹಾಕಿಕೊಂಡರೆ ಮೊಳಕೈವರೆಗೆ ಓಡಾಡುವುದಿಲ್ಲವೇ?’ ಎಂದು ಕೇಳಿದರು. ನನ್ನ ಅಳತೆ ಎರಡು–ಆರೇ. ಎರಡೂವರೆ ಗಂಟೆ ಹಲಗೆಯ ಮೇಲೆ ಕೂತವಳ ಕೈ ನೋಡಿಯೇ ಅಳತೆ ಹೇಳಿದ ಮನುಷ್ಯನಿಗೆ ವರ್ನಿಯರ್ ಏಕೆ ಬೇಕೋ.

ಇದಕ್ಕೆ ಹಬ್ ರಿಂಗ್ ಎನ್ನುತ್ತಾರೆ, ಪ್ಲಾಸ್ಟಿಕ್ಕಿನದು ಸಿದ್ಧವಾಗಿಯೇ ಸಿಗುತ್ತದೆ. ಇವರು ಪಕ್ಕದ ಲೇತ್ ಅಂಗಡಿಗೆ ಹುಡುಗನನ್ನು ಕಳಿಸಿ ಅಲ್ಯೂಮಿನಿಯಂನಲ್ಲಿ ಕಡೆಸಿದರು. ಒಂದು ಗಂಟೆಯಲ್ಲಿ ಬಂತು, ಇನ್ನೂ ಬೆಚ್ಚಗಿತ್ತು. ಮೂರು ಮಿಲಿಮೀಟರ್ ದಪ್ಪದ, ಒಳಗೂ ಹೊರಗೂ ಕನ್ನಡಿಯಂತೆ ಹೊಳೆಯುವ ಎರಡು ಬಳೆಗಳು. ಹಬ್ಬಿನ ಮುಖದ ಮೇಲಿದ್ದ ತುಕ್ಕನ್ನೂ ಕೆಮ್ಮಣ್ಣನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಬಳೆ ಕೂರಿಸಿದರು. ‘ಟಕ್’ ಎಂದು ಕೂತ ಸದ್ದು ನನಗೂ ಕೇಳಿಸಿತು. ಗಾಡಿ ಜಾಕ್ ಮೇಲಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ ಕೈಯಲ್ಲಿ ತಿರುಗಿಸಿ, ಕೆಳಗಿಳಿಸಿದ ಮೇಲೆ ಬಿಗಿತವನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿತ. ಏರ್ ಗನ್ ಗೋಡೆಯ ಮೊಳೆಯಲ್ಲೇ ಇತ್ತು. ಮತ್ತೆ ಡಯಲ್ ಗೇಜ್ ಇಟ್ಟರೆ ಮುಳ್ಳು ಎರಡು ಗೀಟು ಅಲುಗಿ ನಿಂತಿತು.

ಬಿಲ್: ಎರಡು ಬಳೆಗೆ 700, ಕೂಲಿ 500, ಒಟ್ಟು 1,200 ರೂಪಾಯಿ. ರಸ್ತೆಯಲ್ಲಿ ಕಳೆದ ಒಂದು ಗಂಟೆಗೆ ಏನೂ ಹಾಕಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಸರ್ವೀಸ್ ಕೇಂದ್ರದವರು ಅಲಾಯ್ ಕಡೆ ಬೆರಳು ತೋರಿಸಿದ್ದು ಸುಳ್ಳೇನಲ್ಲ. ಎಂಜಿನ್ ಸದ್ದಿಲ್ಲದ್ದರಿಂದ ನಡುಕ ಎದ್ದು ಕಾಣುತ್ತದೆ ಎಂದದ್ದೂ ನಿಜವೇ. ಕಂಪನಿ ರಿಮ್ ಹಾಕಿದ್ದರೆ ಮೊದಲ ಕಾಯಿಲೆ ಹೋಗುತ್ತಿತ್ತು. ಆದರೆ 58,000 ಕೊಟ್ಟ ಮೇಲೂ ನಲವತ್ತರಲ್ಲಿ ಸೀಟು ನಡುಗುತ್ತಲೇ ಇರುತ್ತಿತ್ತು. ಆಗ ಅವರು ಇನ್ನೇನು ಬದಲಿಸಲು ಹೇಳುತ್ತಿದ್ದರೋ, ಬಹುಶಃ ಚಾಲಕಿಯನ್ನೇ.

ಯಜಮಾನರು ಒಂದು ಚೀಟಿ ಬರೆದುಕೊಟ್ಟಿದ್ದರು: ‘30ರಿಂದ 60, ಜೋರಾಗಿ ಒತ್ತಿದಾಗ ಮಾತ್ರ, ಕಾಲು ಬಿಟ್ಟರೆ ಇಲ್ಲ, ಒಳ ಜಾಯಿಂಟ್ ಬಿಚ್ಚಿ ನೋಡುವುದು.’ ಅದನ್ನು ತೆಗೆದುಕೊಂಡು ಐದನೆಯ ಸಲ ಹೋದೆ. ಟೈರ್ ಅಂಗಡಿಯವರಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೆ ಮೇಡಂ ಎಂದು ನಕ್ಕರು. ನನ್ನ ಪಕ್ಕ ಕೂರದೆ ಗಾಡಿ ಬಿಟ್ಟುಹೋಗುವುದಿಲ್ಲ ಎಂದು ಹಟ ಹಿಡಿದೆ. ಕೂತ ಹುಡುಗ ಜಾಣ, ಎರಡನೆಯ ಸಲ ಒತ್ತುವಷ್ಟರಲ್ಲೇ ‘ಹೌದು’ ಎಂದ. ಒಂಬತ್ತು ದಿನ ಗಾಡಿ ಅಲ್ಲೇ ಇತ್ತು. ಬಿಚ್ಚಿದ ಜಾಯಿಂಟನ್ನು ತೋರಿಸಿದರು: ಒಂದು ಜಾಡಿನಲ್ಲಿ, ರುಬ್ಬುವ ಕಲ್ಲಿನ ಗುಳಿಯಂತೆ ನಯವಾದ ಹಳ್ಳ ಬಿದ್ದಿತ್ತು, ಬೆರಳಾಡಿಸಿದರೆ ಸಿಗುತ್ತಿತ್ತು. ಎರಡೂ ಕಡೆಯ ಶಾಫ್ಟನ್ನು ವಾರಂಟಿಯಲ್ಲಿ ಬದಲಿಸಿದರು. ಒಂದು ರೂಪಾಯಿ ಕೇಳಲಿಲ್ಲ, ಅದನ್ನೂ ಬರೆಯಬೇಕು.

ಈಗ ಹೇಗಿದೆ? ತೊಂಬತ್ತರಲ್ಲಿ ಸ್ಟೀರಿಂಗ್ ಸ್ಥಿರ. ನೂರರ ಹತ್ತಿರ ಸೀಟಿನಡಿ ತುಸು ಗುನುಗು ಉಳಿದಿದೆ. ಗಾಡಿ ಒಂಬತ್ತು ದಿನ ಒಂದೇ ಕಡೆ ನಿಂತು ಹಿಂದಿನ ಟೈರು ಕೆಳಗೆ ಚಪ್ಪಟೆಯಾಗಿದೆ, ಓಡುತ್ತಾ ಸರಿಹೋಗಬಹುದು, ಹೋಗದಿದ್ದರೆ ಟೈರು ಸವೆಯುವವರೆಗೆ ತಾಳಿ ಎಂದಿದ್ದಾರೆ ಯಜಮಾನರು. ಹೊಸ ಟೈರು ಮಾರುವ ಅಂಗಡಿಯವರ ಬಾಯಲ್ಲಿ ಈ ಮಾತು.

ಬಿಗಿತ ಮತ್ತೊಮ್ಮೆ ನೋಡಬೇಕು, ಒಂದು ಬೆಂಗಳೂರು ಪ್ರಯಾಣ ಮುಗಿಸಿ ಬನ್ನಿ ಎಂದಿದ್ದರು. ಹೋದ ಶನಿವಾರ ಪಾಠ ಮುಗಿಸಿ ಬರುವಾಗ ಹಾಗೆಯೇ ಅಲ್ಲಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಐದು ನಿಮಿಷದಲ್ಲಿ ನಟ್ಟುಗಳನ್ನು ನೋಡಿ, ದುಡ್ಡು ಬೇಡವೆಂದು ಕೈಯಾಡಿಸಿ, ಹಿಂದೆ ಮಲಗಿಸಿರುವುದು ಏನು ಎಂದು ಕೇಳಿದರು. ಗವಸು ಸರಿಸಿ ತೋರಿಸಿದೆ. ಮುಟ್ಟಲಿಲ್ಲ, ಬಗ್ಗಿ ಮೆಟ್ಟಿಲುಗಳನ್ನೇ ನೋಡಿದರು. ಅವು ಯಾವುದರ ಮೇಲೆ ನಿಂತಿವೆ ಎಂದು ಕೇಳಿದರು. ಮೇಣದ ಮೇಲೆ ಎಂದೆ.

‘ಮೇಣವಾ?’ ಎಂದವರೇ ಹುಡುಗನನ್ನು ಕೂಗಿ, ಮೊದಲು ಗಾಡಿಯನ್ನು ಹುಣಸೆಮರದ ನೆರಳಿಗೆ ಹಾಕಿಸಿದರು.